ಮಂಗೇಶನ ಕೋಣವಲ್ಲ

ಮನಿಷಾ ಹರಿಕಂತ್ರ ಕಾರವಾರದ ಕೋರ್ಟಿನ ಎದುರಿಗಿದ್ದ ಸುಹಾಸ ಹೆಗಡೆ ವಕೀಲರ ಆಫೀಸಿಗೆ ಟೈಪಿಸ್ಟ್ ಆಗಿ ಸೇರಿದವಳು. ವರ್ಷ ಕಳೆಯುವುದರೊಳಗೆ ಕನ್ನಡದ ಕಾಗದಗಳನ್ನು ಇಂಗ್ಲಿಷಿಗೆ ಅನುವಾದಿಸುವ ಕೆಲಸವೂ ಅವಳ ಮೇಜಿಗೆ ಬಂತು. ಖರೀದಿಪತ್ರವಿರಲಿ, ಪಂಚನಾಮೆಯಿರಲಿ, ಅವಳು ಒಂದು ಶಬ್ದವನ್ನೂ ಬಿಡುತ್ತಿರಲಿಲ್ಲ, ಒಂದನ್ನೂ ತಾನಾಗಿ ಸೇರಿಸುತ್ತಿರಲಿಲ್ಲ. "ಮನಿಷಾ ಮಾಡಿದ್ದನ್ನ ನಾನು ತಿರುಗಿ ಓದೂದೇ ಇಲ್ಲ" ಎಂದು ವಕೀಲರು ಪಕ್ಷಗಾರರ ಎದುರಿಗೇ ಹೇಳುತ್ತಿದ್ದರು. ಬೈತಖೋಲದಲ್ಲಿ ಮೀನು ಮಾರಿ ಮಗಳನ್ನು ಬಿ.ಎ. ಓದಿಸಿದ ತಾಯಿ ಹೀರಾಳ ಕಿವಿಗೂ ಈ ಮಾತು ಬಿದ್ದು, ಅವಳು ಮೀನಿನ ಹರಾಜಿನ ಗದ್ದಲದ ನಡುವೆಯೂ ಅದನ್ನು ನಾಲ್ಕು ಜನಕ್ಕೆ ಹೇಳಿದ್ದಳು.

ಎರಡು ಸಾವಿರದ ಏಳರ ಮಳೆಗಾಲ ಮುಗಿಯುತ್ತಿದ್ದಾಗ ಕಾಶಿ ಎಂಬ ಹೆಂಗಸು ಆಫೀಸಿಗೆ ಬಂದಳು. ವಯಸ್ಸು ಮೂವತ್ತೈದರ ಆಚೀಚೆ. ಜೊತೆಗೆ ಅವಳ ಗಂಡನ ಅಣ್ಣ ಪುಟ್ಟು. ಅಂಕೋಲೆಯಿಂದ ಹುಬ್ಬಳ್ಳಿ ರಸ್ತೆಯಲ್ಲಿ ಬಹಳ ದೂರ ಹೋಗಿ, ಬಸ್ಸಿಳಿದು ಗುಡ್ಡ ಹತ್ತಿದರೆ ಸಿಗುವ ಬೀರಕೊಪ್ಪ ಎಂಬ ಹದಿನಾಲ್ಕು ಮನೆಗಳ ಊರು ಅವರದು. ಜುಲೈ ತಿಂಗಳ ಒಂದು ಬೆಳಿಗ್ಗೆ ಕಾಶಿಯ ಗಂಡ ದತ್ತಾ ಉಪ್ಪಾಗೆ ಹಣ್ಣು ಹೆಕ್ಕಲು ಕಾಡಿಗೆ ಹೋಗಿದ್ದ. ಕಾಡುಕೋಣ ಹಾಯ್ದು ಅವನ ಎಡಪಕ್ಕೆ ಹರಿದಿತ್ತು. ನೆರೆಮನೆಯ ಮಂಗೇಶ ಅವನ ಕೂಗು ಕೇಳಿ ಓಡಿ, ಒಬ್ಬನೇ ಬೆನ್ನ ಮೇಲೆ ಹೊತ್ತು ಡಾಂಬರು ರಸ್ತೆಯವರೆಗೆ ಇಳಿಸಿದ. ಜೀಪು ಸಿಕ್ಕಿತು. ಆದರೆ ಬೇಲೆಕೇರಿ ಬಂದರಿಗೆ ಅದಿರು ಸಾಗಿಸುವ ಲಾರಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿ ನಿಂತಿದ್ದವು. ಅಂಕೋಲೆ ಮುಟ್ಟುವ ಮೊದಲೇ ದತ್ತಾ ಮಂಗೇಶನ ತೊಡೆಯ ಮೇಲೆ ಉಸಿರು ಬಿಟ್ಟ.

ಇದನ್ನೆಲ್ಲ ಪುಟ್ಟು ಹೇಳಿದ. ಕಾಶಿ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತ ಕೂತಿದ್ದಳು.

ದತ್ತಾನ ಹೆಸರಿನಲ್ಲಿ ಒಂದು ಅಪಘಾತ ವಿಮೆ ಇತ್ತು. ವಿಮೆಯವರ ದೊಡ್ಡ ಆಫೀಸು ಮುಂಬೈಯಲ್ಲಿ. ಅಲ್ಲಿಗೆ ಕಾಗದಗಳೆಲ್ಲ ಇಂಗ್ಲಿಷಿನಲ್ಲೇ ಹೋಗಬೇಕು. ಮನಿಷಾ ಅಂದೇ ಕೂತು ಪಂಚನಾಮೆಯನ್ನು ಅನುವಾದಿಸಿದಳು. 'ಕಾಡುಕೋಣ' ಎಂಬಲ್ಲಿ ಒಂದು ಕ್ಷಣ ನಿಂತಳು. ಹುಟ್ಟಿದಂದಿನಿಂದ ಕಡಲು ನೋಡಿದವಳು. ಕಾಡಿನ ಪ್ರಾಣಿಗಳನ್ನು ಪಾಠದ ಚಿತ್ರಗಳಲ್ಲಿ ಮಾತ್ರ ಕಂಡಿದ್ದಳು. ಕಾಡು ಎಂದರೆ ವೈಲ್ಡ್, ಕೋಣ ಎಂದರೆ ಬಫೆಲೊ. ಎರಡನ್ನೂ ನಿಘಂಟಿನಲ್ಲಿ ನೋಡಿ ಖಾತ್ರಿ ಮಾಡಿಕೊಂಡು 'ವೈಲ್ಡ್ ಬಫೆಲೊ' ಎಂದು ಬರೆದಳು. ಕೆಳಗೆ, ಭಾಷಾಂತರ ನಿಜವಾದದ್ದು ಎಂಬ ಸಾಲಿನಡಿ ವಕೀಲರು ಸಹಿ ಹಾಕಿದರು.

ನವೆಂಬರಿನಲ್ಲಿ ಮುಂಬೈಯಿಂದ ಉತ್ತರ ಬಂತು. ಒಂದು ಬಫೆಲೊ ವೈಲ್ಡ್ ಆಗಿ ಹಾಯ್ದದ್ದರಿಂದ ಸಾವು ಸಂಭವಿಸಿದ್ದು ತಿಳಿಯುತ್ತದೆ. ಅದರ ಮಾಲೀಕ ಯಾರು, ಅವನ ಮೇಲೆ ಏನು ಕ್ರಮ ಕೈಗೊಂಡಿದ್ದೀರಿ, ತಿಳಿಸಿ. ಅಲ್ಲಿಯವರೆಗೆ ಕ್ಲೇಮನ್ನು ತಡೆಹಿಡಿಯಲಾಗಿದೆ ಎಂದಿತ್ತು. ತಾನು ಬರೆದ ಎರಡು ಶಬ್ದಗಳು ಆ ಕಾಗದದಲ್ಲಿ ಹಿಂದುಮುಂದಾಗಿದ್ದನ್ನು ಮನಿಷಾ ಗಮನಿಸಿದಳು. ಏನೋ ಸರಿಯಿಲ್ಲ ಅನಿಸಿತು. ಕೇಳೋಣವೆಂದರೆ ವಕೀಲರು ಉತ್ತರದ ಮೇಲೆ ಬರೀ ಕಣ್ಣಾಡಿಸಿ, ಕೋಟು ಹಾಕಿಕೊಂಡು ಆಗಲೇ ಮೆಟ್ಟಿಲು ಇಳಿಯುತ್ತಿದ್ದರು.

"ಊರಲ್ಲಿ ಕೋಣ ಸಾಕಿದವ್ರು ಯಾರು ಕೇಳು. ಅವರಿಗೊಂದು ನೋಟೀಸು ಹಾಕಿಬಿಡುವಾ" ಎಂದರು.

ಬೀರಕೊಪ್ಪದ ಕೆಳಗಿನ ರಸ್ತೆಯಂಚಿನ ಅಂಗಡಿಯಲ್ಲಿ ಫೋನಿತ್ತು. ಮರುದಿನ ಪುಟ್ಟು ಅಲ್ಲಿಗೆ ಬಂದು ಮಾತಾಡಿದ.

"ನಿಮ್ಮೂರಲ್ಲಿ ಕೋಣ ಯಾರ ಹತ್ರ ಅದೆ?" ಎಂದು ಮನಿಷಾ ಕೇಳಿದಳು.

"ಮಂಗೇಶನ ಹತ್ರ ಹೂಡೂ ಕೋಣದ ಜೋಡಿ ಅದೆ. ಬೇರೆ ಯಾರ ಹತ್ರವೂ ಇಲ್ಲ. ಎಂತಕೆ?"

"ಮುಂಬೈಯವರು ಕೇಳಿದ್ದಾರೆ. ದತ್ತಾ ಅವರಿಗೆ ಹಾಯ್ದ ಕೋಣ ಯಾರದು ಅಂತ."

ಆ ಕಡೆ ರಸ್ತೆಯ ಮೇಲೆ ಲಾರಿ ಹಾದುಹೋಗುವ ಸದ್ದು ಮಾತ್ರ ಕೇಳಿಸಿತು. "ಹಾಗೆ ಬರೆದಿದ್ರಾ ಅವರು?" ಎಂದ ಪುಟ್ಟು ಕೊನೆಗೆ. ಮನಿಷಾ ಹೌದೆಂದಳು. ಮಂಗೇಶನ ಹೆಸರಿಗೆ ನೋಟೀಸು ಟೈಪು ಮಾಡಿದವಳೂ ಅವಳೇ.

ಡಿಸೆಂಬರ್ ಮೂರನೆಯ ವಾರ ಕಾಶಿ ಒಬ್ಬಳೇ ಬಂದಳು. ವಕೀಲರು ಕೋರ್ಟಿಗೆ ಹೋಗಿದ್ದರು. ಅವಳು ಕೂರಲಿಲ್ಲ. ಚೀಲದಿಂದ ಮಡಚಿದ ಕಾಗದ ತೆಗೆದು ಮನಿಷಾಳ ಮೇಜಿನ ಮೇಲೆ ಬಿಡಿಸಿಟ್ಟಳು. ಮಂಗೇಶನಿಗೆ ಹೋಗಿದ್ದ ನೋಟೀಸು.

"ಇದನ್ನ ಬರೆದವರು ಯಾರು?"

"ವಕೀಲರು ಹೇಳಿದ್ದು. ನಾನು ಟೈಪು ಮಾಡಿದ್ದು."

"ಮಂಗೇಶನ ಕೋಣ ನನ್ನ ಗಂಡನ್ನ ಕೊಂದ್ತು ಅಂತ ನಿಮಗೆ ಹೇಳಿದ್ದು ಯಾರು? ನಾನು ಹೇಳಿದ್ನಾ?"

ಮನಿಷಾ ತಡಬಡಿಸಿದಳು. "ಮುಂಬೈಯವರು ಹಾಗೆ ಬರೆದಿದ್ರು. ನಾನು ಇಲ್ಲಿಂದ ಕಳಿಸುವಾಗ ಸರಿಯಾಗೇ ಬರೆದಿದ್ದೆ. ವೈಲ್ಡ್ ಬಫೆಲೊ ಅಂತ."

"ಹಾಗಂದ್ರೆ ಎಂತ?"

"ಕಾಡಿನ ಕೋಣ" ಎಂದಳು ಮನಿಷಾ. ಅಂದ ಕೂಡಲೇ ವೈಲ್ಡ್ ಎಂಬುದರ ಇನ್ನೊಂದು ಅರ್ಥ ಅವಳಿಗೆ ಹೊಳೆಯಿತು. ಪುಂಡಾಟದ್ದು, ಹಿಡಿತ ತಪ್ಪಿದ್ದು. ನಿಘಂಟಿನಲ್ಲಿ ಅಂದು ಅದೂ ಅಲ್ಲೇ ಕೆಳಗಿತ್ತು. ಅವಳು ಮೊದಲ ಅರ್ಥಕ್ಕೇ ನಿಂತಿದ್ದಳು. ಮುಂಬೈಯ ಆಫೀಸಿನಲ್ಲಿ ಕೂತ ಯಾರೋ ಒಬ್ಬ, ಅವಳಂತೆಯೇ ಕಾಡು ಕಾಣದವನು, ಸಾಕಿದ ಕೋಣವೊಂದು ಕೆರಳಿ ಮನುಷ್ಯನಿಗೆ ಹಾಯ್ದಿತೆಂದು ಓದಿಕೊಂಡಿದ್ದ.

"ಕಾಡುಕೋಣ ಅಂದ್ರೆ ಕೋಣವೇ ಅಲ್ವಾ?" ಎಂದು ಅವಳು ಮೆಲ್ಲಗೆ ಕೇಳಿದಳು.

ಕಾಶಿ ಅವಳ ಮುಖ ನೋಡಿದಳು. "ನೀವು ಅದನ್ನ ಕಂಡಿದ್ರಾ?"

"ಇಲ್ಲ."

ಆಗ ಕಾಶಿ ಕೂತಳು. ಊರಲ್ಲಿ ನಡೆದದ್ದನ್ನು ಹೇಳಿದಳು. ದತ್ತಾನಿಗೆ ಹಾಯ್ದದ್ದು ಕಾಡುಕೋಣವೆಂದು ಎಲ್ಲರಿಗೂ ಗೊತ್ತಿತ್ತು. ಕೆಸರಿನಲ್ಲಿ ಮೂಡಿದ್ದ ಹೆಜ್ಜೆಗಳನ್ನು ಊರವರೆಲ್ಲ ಹೋಗಿ ನೋಡಿದ್ದರು. ಆದರೆ ಮಳೆ ಹೆಜ್ಜೆಗಳನ್ನು ತೊಳೆಯಿತು. ನಾಲ್ಕು ತಿಂಗಳ ಮೇಲೆ ವಕೀಲರ ನೋಟೀಸು ಬಂತು. ಇಷ್ಟು ದೊಡ್ಡ ಆಫೀಸಿನವರು ತಿಳಿಯದೆ ಬರೆಯುತ್ತಾರೆಯೇ ಎಂದು ಪುಟ್ಟುವಿಗೆ ಅನಿಸಿತು. ಮಂಗೇಶನ ಕೋಣಗಳಲ್ಲಿ ಒಂದು ಹಿಂದೆ ಯಾರನ್ನೋ ದೂಡಿ ಬೀಳಿಸಿದ್ದು ಈಗ ನೆನಪಾಯಿತು. ಕೂಗು ಕೇಳಿ ಅವನೊಬ್ಬನೇ ಅಷ್ಟು ಬೇಗ ಹೇಗೆ ಮುಟ್ಟಿದ ಎಂಬ ಪ್ರಶ್ನೆಯೂ ಎದ್ದಿತು. ತನ್ನ ಕೋಣದ ತಪ್ಪು ಮುಚ್ಚಲೆಂದೇ ಬೆನ್ನ ಮೇಲೆ ಹೊತ್ತ ಎಂದವರೂ ಇದ್ದರು.

"ಅಂವ ಯಾರಿಗೂ ಎದುರು ಮಾತಾಡ್ಲಿಲ್ಲ. ಒಂದು ದಿನ ಬೆಳಿಗ್ಗೆ ಎರಡೂ ಕೋಣ ಹೊಡ್ಕೊಂಡು ಸಂತೆಗೆ ಹೋದ. ತಿರುಗಿ ಬರುವಾಗ ಕೈಯಾಗೆ ಬರೀ ಹಗ್ಗ ಇತ್ತು" ಎಂದಳು ಕಾಶಿ. "ಅವನ ಹೆಂಡತಿ ಮುಖ ನೋಡೂಕಾಗದೆ ನಾನು ಭಾವಿಕೇರಿಗೆ, ತವರಿಗೆ ಬಂದು ಕೂತಿದ್ದೇನೆ. ನನಗೆ ನಿಮ್ಮ ವಿಮೆ ಬೇಡ. ಮಂಗೇಶನ ಕೋಣ ಅಲ್ಲ ಅಂತ ಬರೆದು ಕೊಡಿ. ಅಷ್ಟೇ ಸಾಕು."

ಅಂದು ಸಂಜೆ ಮನಿಷಾ ಮನೆಗೆ ಹೋಗಿ ಊಟ ಬೇಡವೆಂದಳು. ಹೀರಾ ಬಲವಂತ ಮಾಡಿ ಕೇಳಿದಾಗ ಎಲ್ಲ ಹೇಳಿದಳು. ತಾಯಿ ಬುಟ್ಟಿ ತೊಳೆಯುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು. ಮಗಳಿಗೆ ಸಮಾಧಾನದ ಮಾತೇನಾದರೂ ಹೇಳಿಯಾಳು ಎಂದುಕೊಂಡರೆ ಅವಳು ಕೇಳಿದ್ದು ಒಂದೇ.

"ಆ ಮಂಗೇಶನ್ನ ನೀನು ಹೋಗಿ ಕಂಡ್ಯಾ ಗೋ?"

"ಇಲ್ಲ ಆಯಿ."

"ಮತ್ತೆ ಇಲ್ಲಿ ಕೂತು ಅತ್ತರೆ ಎಂತಾಗ್ತದೆ?"

ಭಾನುವಾರ ಮನಿಷಾ ಅಂಕೋಲೆಗೆ ಹೋಗಿ, ಭಾವಿಕೇರಿಯಿಂದ ಬಂದ ಕಾಶಿಯೊಡನೆ ಹುಬ್ಬಳ್ಳಿ ಬಸ್ಸು ಹತ್ತಿದಳು. ಅದಿರಿನ ಕೆಂಪು ಧೂಳು ರಸ್ತೆಬದಿಯ ಎಲೆಗಳ ಮೇಲೆಲ್ಲ ಕೂತಿತ್ತು. ಬಸ್ಸಿಳಿದಲ್ಲಿ ಅರಣ್ಯ ಇಲಾಖೆಯ ಸಣ್ಣ ಕಚೇರಿ. ಅಲ್ಲೇ ವಾಸವಿದ್ದ ಫಾರೆಸ್ಟರ್ ಹೇರಂಬ ಭಟ್ಟರು ಕಾಶಿಯನ್ನು ನೋಡಿ ಎದ್ದು ನಿಂತರು. ಮನಿಷಾ ತಾನು ಏನೆಂದು ಬರೆದಿದ್ದಳೆಂದು ಅವರಿಗೆ ಹೇಳಿದಳು. ದತ್ತಾ ಸತ್ತ ಮರುದಿನ ಅವರೂ ಗುಡ್ಡ ಹತ್ತಿ ಹೆಜ್ಜೆ ನೋಡಿ ಬಂದಿದ್ದರಂತೆ. ಕಪಾಟಿನಿಂದ ದಪ್ಪದ ಪುಸ್ತಕ ತೆಗೆದು ಆ ತಾರೀಖಿನ ಪುಟ ತೋರಿಸಿದರು. ಹೆಜ್ಜೆಯ ಅಳತೆ, ಜಾಗದ ಹೆಸರು, ಅದರ ಮುಂದೆ ಕನ್ನಡದಲ್ಲಿ ಕಾಡುಕೋಣ ಎಂದೂ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ನಾಲ್ಕೇ ಅಕ್ಷರದ ಒಂದು ಶಬ್ದವೂ ಇತ್ತು. ಗೌರ್.

ಮನಿಷಾ ಆ ಶಬ್ದವನ್ನು ಕೇಳಿರಲೇ ಇಲ್ಲ. "ಇದು ಇಂಗ್ಲಿಷೇ?" ಎಂದಳು.

"ಈಗ ಇಂಗ್ಲಿಷೇ. ಮೂಲದಲ್ಲಿ ನಮ್ಮ ದೇಶದ್ದೇ ಶಬ್ದ, ಹಿಂದಿಯಿಂದ ಅವರು ತಕೊಂಡದ್ದು" ಎಂದರು ಹೇರಂಬ ಭಟ್ಟರು. "ಬೇಟೆಗೆ ಬಂದ ದೊರೆಗಳು ಇದಕ್ಕೆ ಬೈಸನ್ ಅಂತಿದ್ರು. ನಾವೂ ರೂಢಿಯಿಂದ ಬೈಸನ್ ಅಂತೇವೆ. ಆದರೆ ಖರೇ ಬೈಸನ್ ಇರೂದು ಅಮೆರಿಕದಲ್ಲಿ. ನೀವು ಬರೆದ ವೈಲ್ಡ್ ಬಫೆಲೊ ಅನ್ನೂದೂ ಒಂದು ಪ್ರಾಣಿ ಅದೆ. ಅದು ಅಸ್ಸಾಮಿನ ಕಡೆ. ನಮ್ಮ ಕಾಡಲ್ಲಿ ಹುಡುಕಿದರೂ ಸಿಗೂದಿಲ್ಲ."

"ಕೋಣದ ಜಾತಿ ಅಲ್ವಾ ಇದು?"

"ಹೆಸರಲ್ಲಿ ಮಾತ್ರ ಕೋಣ. ಜಾತಿಯಲ್ಲಿ ದನಕ್ಕೆ ಹತ್ತಿರ. ಕನ್ನಡ ಗೊತ್ತಿದ್ದವರಿಗೆ ಕಾಡುಕೋಣ ಅಂದ್ರೆ ಸಾಕು, ಬೇರೆ ಯಾವ ಪ್ರಾಣಿಯೂ ನೆನಪಿಗೆ ಬರೂದಿಲ್ಲ. ಒಡೆದು ಎರಡು ಮಾಡಿದ್ರೆ ಕೆಟ್ಟಿತು."

ಅವರು ಆ ಪುಟದ ನಕಲು ಬರೆದು, ಮೊಹರು ಹಾಕಿ ಕೊಟ್ಟರು. ಮನಿಷಾ ಅದನ್ನು ಎರಡು ಸಲ ಓದಿ ಚೀಲದಲ್ಲಿಟ್ಟುಕೊಂಡು ಕಾಶಿಯ ಹಿಂದೆ ಗುಡ್ಡ ಹತ್ತಿದಳು.

ಮಂಗೇಶ ಅಂಗಳದಲ್ಲಿ ಬಿದಿರು ಸೀಳುತ್ತಿದ್ದ. ಐವತ್ತು ದಾಟಿದ, ಅಗಲ ಬೆನ್ನಿನ ಗಂಡಸು. ಕೊಟ್ಟಿಗೆ ಖಾಲಿಯಿತ್ತು, ಗೊಂತಿನ ಮುಂದೆ ನೆಲ ಸಾರಿಸಿ ಚೊಕ್ಕ ಮಾಡಿದ್ದರು. ಕಾಶಿಯನ್ನು ಕಂಡು ಅವನ ಕೈ ನಿಂತಿತು. ಕಾಶಿ ಬೇಲಿಯ ಹೊರಗೇ ಉಳಿದಳು. ಮನಿಷಾ ಒಳಗೆ ಹೋಗಿ ತಾನು ಯಾರೆಂದು ಹೇಳಿದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ತಪ್ಪಿಹೋದವು.

"ಒಂದು ಶಬ್ದ ತಪ್ಪು ಬರೆದೆ. ನಿಮ್ಮ ಮೇಲೆ ಬಂತು. ತಪ್ಪಾಯ್ತು" ಎಂದಷ್ಟೇ ಅಂದಳು.

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು. "ನೀವು ಯಾವ ಊರವರು ಬಾಯಿ?" ಎಂದು ಕೇಳಿದ.

"ಬೈತಖೋಲ. ಮೀನುಗಾರರು ನಾವು."

"ಹಾಗಾದ್ರೆ ನಿಮಗೆ ಅದು ಹ್ಯಾಗೆ ಗೊತ್ತಾಗ್ಬೇಕು" ಎಂದು ಕತ್ತಿ ಕೆಳಗಿಟ್ಟು ಎದ್ದ. "ಬನ್ನಿ."

ಊರ ಹಿಂದಿನ ಏರು ಹತ್ತಿಸಿ, ಒಂದು ಬಂಡೆಯ ಮರೆಯಲ್ಲಿ ಕೂರಿಸಿ, ಮಾತಾಡಬೇಡಿ ಎಂದು ಕೈಸನ್ನೆ ಮಾಡಿದ. ಕೆಳಗೆ ಬಿಸಿಲು ಇಳಿಯುತ್ತಿದ್ದ ಹುಲ್ಲಿನ ಬಯಲು. ಬಹಳ ಹೊತ್ತು ಏನೂ ಇರಲಿಲ್ಲ. ಆಮೇಲೆ ಮರಗಳ ನಡುವಿನಿಂದ ಒಂದು ಹೊರಬಂತು. ಅದರ ಹಿಂದೆ ನಾಲ್ಕು. ಎತ್ತರಕ್ಕೆ ಮಂಗೇಶನ ತಲೆಯೂ ಅದರ ಭುಜಕ್ಕೆ ಬರುತ್ತಿರಲಿಲ್ಲವೇನೋ. ಕಪ್ಪು ಮೈ ಎಣ್ಣೆ ಹಚ್ಚಿದಂತೆ ಮಿನುಗುತ್ತಿತ್ತು. ಮೊಣಕಾಲಿನ ಕೆಳಗೆ ಮಾತ್ರ ನಾಲ್ಕೂ ಕಾಲು ಬೆಳ್ಳಗೆ. ಅದು ತಲೆಯೆತ್ತಿ ಇವರ ಕಡೆಯೇ ನೋಡಿತು. ನೀರಲ್ಲಿ ಬಿದ್ದುಕೊಳ್ಳುವ, ಹಗ್ಗಕ್ಕೆ ಬಗ್ಗುವ, ಹೆಗಲ ಮೇಲೆ ನೊಗ ಹೊರುವ ಕೋಣಕ್ಕೂ ಇದಕ್ಕೂ ಏನೇನೂ ಸಂಬಂಧವಿರಲಿಲ್ಲ. ಕಣ್ಣಿದ್ದ ಯಾರೂ ಎರಡನ್ನು ಒಂದೇ ಎನ್ನಲು ಸಾಧ್ಯವಿರಲಿಲ್ಲ.

"ದತ್ತಾ ಹಾದಿಗೆ ಅಡ್ಡ ಸಿಕ್ಕಿರಬೇಕು" ಎಂದ ಮಂಗೇಶ ಕೆಳಗಿಳಿಯುವಾಗ. "ಅದಕ್ಕೂ ಹೆದರಿಕೆ. ಬೈದು ಎಂತ ಮಾಡೂದು ಅದನ್ನ."



ಸೋಮವಾರ ಮನಿಷಾ ಮೊಹರಿನ ನಕಲನ್ನು ವಕೀಲರ ಮುಂದಿಟ್ಟು ನಡೆದದ್ದೆಲ್ಲ ಹೇಳಿದಳು. ಸುಹಾಸ ಹೆಗಡೆ ಕನ್ನಡಕ ತೆಗೆದು ಒರೆಸಿದರು.

"ಒಳ್ಳೆ ದಾಖಲೆ ತಂದೆ. ಹೊಸ ಮಾಹಿತಿ ಸಿಕ್ಕಿದೆ ಅಂತ ಮುಂಬೈಗೆ ಬರಿ. ಪಕ್ಷಗಾರರು ಮೊದಲು ಸರಿಯಾದ ವಿವರ ಕೊಟ್ಟಿರಲಿಲ್ಲ ಅಂತ ಒಂದು ಸಾಲು ಸೇರಿಸು."

"ಅವರು ಸರಿಯಾಗೇ ಕೊಟ್ಟಿದ್ರು ಸರ್. ಪಂಚನಾಮೆಯಲ್ಲಿ ಕಾಡುಕೋಣ ಅಂತಲೇ ಇತ್ತು. ತಪ್ಪಿದ್ದು ನಾನು."

"ಅದು ನಮ್ಮಿಬ್ಬರಿಗೆ ಗೊತ್ತು. ಕಾಗದದಲ್ಲಿ ಒಪ್ಪಿಕೊಂಡ್ರೆ ಈ ಆಫೀಸಿಂದ ಹೋದ ಒಂದೊಂದು ಭಾಷಾಂತರದ ಮೇಲೂ ನಾಳೆ ಪ್ರಶ್ನೆ ಬರ್ತದೆ."

"ಒಪ್ಪಿಕೊಳ್ಳದಿದ್ರೆ ಕಾಶಿ ಸುಳ್ಳು ಹೇಳಿದ ಹಾಗೆ ಆಗ್ತದೆ" ಎಂದಳು ಮನಿಷಾ. "ಅವಳೇ ಮೊದಲು ಕೋಣ ಅಂದು, ಈಗ ತಿರುಗಿಸ್ತಿದ್ದಾಳೆ ಅಂತ ಊರವರೂ ಅಂತಾರೆ. ನಾನು ಬರೆಯೂದಿಲ್ಲ ಸರ್ ಹಾಗೆ."

ಆರು ವರ್ಷದಲ್ಲಿ ಅವಳು ಅವರಿಗೆ ಎದುರಾಡಿದ್ದು ಅದೇ ಮೊದಲು. ಅವಳು ತನ್ನ ಮೇಜಿಗೆ ಹೋದಳು. ಅನುವಾದಿಸಿದವಳು ತಾನು, ಪ್ರಾಣಿಯ ಹೆಸರನ್ನು ಬಿಡಿಬಿಡಿಯಾಗಿ ಅರ್ಥಮಾಡಿದ್ದು ತನ್ನ ತಪ್ಪು, ಮೂಲ ಕಾಗದದಲ್ಲಾಗಲೀ ಕಾಶಿಯ ಮಾತಿನಲ್ಲಾಗಲೀ ದೋಷವಿಲ್ಲ ಎಂದು ತನ್ನ ಹೆಸರಿನಲ್ಲಿ ಅಫಿಡವಿಟ್ ಬರೆದು ತಂದಳು. ವಕೀಲರು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದರು.

"ಅಂದು ಆ ಭಾಷಾಂತರವನ್ನೂ ಹೀಗೇ ಓದಿದ್ರೆ ಆಗ್ತಿತ್ತು ನಾನು" ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿ, ಮಂಗೇಶನ ನೋಟೀಸು ಹಿಂದೆಗೆದುಕೊಳ್ಳುವ ಕಾಗದಕ್ಕೂ ಸಹಿ ಮಾಡಿದರು.

ಆ ವಾರದಿಂದ ಅನುವಾದದ ಕಾಗದಗಳು ಮನಿಷಾಳ ಮೇಜಿಗೆ ಬರುವುದು ನಿಂತಿತು. ಅವು ಪೇಟೆಯಲ್ಲಿದ್ದ ನಿವೃತ್ತ ಮಾಸ್ತರರೊಬ್ಬರಿಗೆ ಹೋಗತೊಡಗಿದವು.

ಮಾರ್ಚ್ ಮೊದಲಲ್ಲಿ ಮುಂಬೈಯ ಉತ್ತರ ಬಂತು. ಕಾಶಿ ಅದನ್ನು ಊರಲ್ಲೇ ಓದಬೇಕೆಂದು ಹಟ ಹಿಡಿದಳು. ಆ ಭಾನುವಾರ ಮಧ್ಯಾಹ್ನ ಕಾಶಿಯ ಅಂಗಳದಲ್ಲಿ ಹದಿನಾಲ್ಕು ಮನೆಯವರೂ ಸೇರಿದರು. ಮಂಗೇಶ ಎಲ್ಲರಿಗಿಂತ ಕೊನೆಗೆ ಬಂದು ಹಲಸಿನ ಮರದ ಬುಡದಲ್ಲಿ ನಿಂತ. ಮನಿಷಾ ಮೊದಲು ಇಂಗ್ಲಿಷಿನಲ್ಲಿ ಓದಿದಳು; ಆಮೇಲೆ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದಳು. ದತ್ತಾ ಅವರ ಮರಣಕ್ಕೆ ಕಾರಣವಾದದ್ದು ಗೌರ್ ಎಂಬ ಕಾಡುಪ್ರಾಣಿ, ಅಂದರೆ ಕಾಡುಕೋಣ, ಎಂದು ಒಪ್ಪಿದ್ದೇವೆ. ಯಾರೂ ಸಾಕಿದ ಪ್ರಾಣಿಯಲ್ಲ. ಯಾವ ಮಾಲೀಕನ ಮೇಲೂ ಹೊಣೆಯಿಲ್ಲ.

"ತಪ್ಪು ಮಾಡಿದ್ದು ನಾನು. ಮುಂಬೈಯವರಲ್ಲ, ಕಾಶಿಯೂ ಅಲ್ಲ" ಎಂದು ತನ್ನ ಮಾತನ್ನೂ ಸೇರಿಸಿದಳು.

ಪುಟ್ಟು ತಲೆ ತಗ್ಗಿಸಿ ಕೂತಿದ್ದ. ಮಂಗೇಶ ಮರದ ಬುಡದಿಂದ ಎರಡು ಹೆಜ್ಜೆ ಮುಂದೆ ಬಂದ.

"ಈ ಬಾಯಿ ಕಡಲ ಬದಿಯವಳು. ಕಾಡು ಕಂಡವಳಲ್ಲ, ತಪ್ಪಿದಳು. ತಪ್ಪಿದ್ದು ತಿಳಿದ ಮೇಲೆ ಗುಡ್ಡ ಹತ್ತಿ ಬಂದು ನನ್ನ ಅಂಗಳದಾಗೆ ನಿಂತು ಹೇಳಿದಳು" ಎಂದ. ದನಿ ಎತ್ತರಿಸಲಿಲ್ಲ. "ಹೆಜ್ಜೆ ನೀವೆಲ್ಲ ಕಣ್ಣಾರೆ ಕಂಡಿದ್ರಿ. ನೀವು ಎಂತಕೆ ತಪ್ಪಿದ್ರಿ?"

ಅವನು ತಿರುಗಿ ಮನೆಯ ಕಡೆ ನಡೆದ. ಕಾಶಿ ಎದ್ದು ಎಲ್ಲರ ನಡುವಿನಿಂದ ಹಾದು ಅವನ ಹಿಂದೆಯೇ ಹೋದಳು. ಅವನ ಮನೆಯ ಜಗುಲಿ ಹತ್ತಿ, ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿಯ ಕೈ ಹಿಡಿದುಕೊಂಡದ್ದು ಅಂಗಳದಲ್ಲಿದ್ದವರಿಗೆಲ್ಲ ಕಂಡಿತು. ಇಬ್ಬರೂ ಒಳಗೆ ಹೋದರು. ಒಳಗಿನಿಂದ ಅಳುವ ಸದ್ದು ಕೇಳಿತು, ಯಾರದೆಂದು ಗೊತ್ತಾಗಲಿಲ್ಲ.

ಕಾಶಿ ಭಾವಿಕೇರಿಯಿಂದ ತನ್ನ ಮನೆಗೆ ಮರಳಿದಳು. ಜೂನಿನಲ್ಲಿ ವಿಮೆಯ ಹಣದ ಕೊನೆಯ ಸಹಿಗೆಂದು ಕಾರವಾರಕ್ಕೆ ಬಂದಾಗ ಊರಿನ ಸುದ್ದಿ ಹೇಳಿದಳು. ಮೊದಲ ಮಳೆಗೆ ಎಲ್ಲರೂ ಗದ್ದೆಗೆ ಇಳಿದಿದ್ದರು. ಮಂಗೇಶ ಮಾತ್ರ ಜಗುಲಿಯ ಮೇಲೆ ಕೂತಿದ್ದ. ಹೂಡಲು ಅವನಲ್ಲಿ ಏನೂ ಇರಲಿಲ್ಲ. ನಾಲ್ಕನೆಯ ದಿನ ಪುಟ್ಟು ತನ್ನ ಎತ್ತುಗಳನ್ನು ನೇಗಿಲ ಸಮೇತ ತಂದು ಅವನ ಗದ್ದೆಯ ಬದುವಿನ ಮೇಲೆ ನಿಲ್ಲಿಸಿದ. ಮಳೆ ಹೊಯ್ಯುತ್ತಿತ್ತು. ಹಾಗೇ ನಿಂತಿದ್ದ.

"ಮಂಗೇಶ ಎಂತ ಅಂದ?" ಎಂದು ಮನಿಷಾ ಕೇಳಿದಳು.

"ಎಂತದೂ ಅನ್ಲಿಲ್ಲ. ಬಹಳ ಹೊತ್ತಿನ ಮೇಲೆ ಎದ್ದು ಬಂದು, ಪುಟ್ಟುವಿನ ಕೈಯಿಂದ ನೇಗಿಲು ತಕೊಂಡು ತಾನೇ ಹೂಡಿದ" ಎಂದಳು ಕಾಶಿ. "ಪುಟ್ಟು ಬದುವಿನ ಮೇಲೆ ಕೂತಿದ್ದ, ಸಂಜೆವರೆಗೂ. ಇಬ್ಬರೂ ಇನ್ನೂ ಮಾತಾಡ್ಲಿಲ್ಲ."

ಅವಳು ಕಾಗದಕ್ಕೆ ಸಹಿ ಹಾಕಿ, ಕೊಡೆ ಬಿಡಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದಳು.